ಗುಜರಿ ತುಂಬಿದ ಹೋಲ್ಡಿಗೆ ಸುಮ್ನೆ ಇಳೀಬೇಡಿ

ಕರಾವಳಿ ಕಡೆಯಿಂದ ಹಡಗಿಗೆ ಹೋಗ್ತಿರೋ ಹೊಸ ಹುಡುಗ್ರಿಗೆ ಹೇಳ್ತಿದೀನಿ. ಎಲ್ರೂ ಬಿರುಗಾಳಿ ಬಗ್ಗೆ ಹೆದರಿಸ್ತಾರೆ, ನನ್ನ ಜೀವ ಹೋಗ್ತಿದ್ದಿದ್ದು ಸಮುದ್ರ ತಣ್ಣಗೆ ಮಲಗಿದ್ದ ದಿನ.

2018ರಲ್ಲಿ ರಾಟರ್‌ಡ್ಯಾಮ್‌ನಿಂದ ಟರ್ಕಿಯ ಇಸ್ಕೆಂದೆರುನ್‌ಗೆ ಗುಜರಿ ಕಬ್ಬಿಣ ಹೊತ್ಕೊಂಡು ಹೋಗ್ತಿದ್ವಿ, ಅಲ್ಲಿ ಅದನ್ನೇ ಕರಗಿಸಿ ಸ್ಟೀಲ್ ಮಾಡ್ತಾರೆ. ಮಳೇಲಿ ನೆಂದ ಮಾಲು, ಹೋಲ್ಡ್ ಅಂದ್ರೆ ಹಡಗಿನ ಹೊಟ್ಟೇಲಿ ಮಾಲು ತುಂಬೋ ಕೋಣೆ, ಅದರ ಮೇಲಿನ ಮುಚ್ಚಳ ಹ್ಯಾಚ್, ಅದನ್ನ ಮುಚ್ಚಿ ಒಂಬತ್ತು ದಿನ ಆಗಿತ್ತು. ಚೀಫ್ ಆಫೀಸರ್ ಬಂದು ಮೂರನೇ ಹೋಲ್ಡಿನ ಏಣಿ ಬುಡದಲ್ಲಿ ಹಗ್ಗ ಬಿಟ್ಟಿದೀರಲ್ಲ, ತಗೊಂಡ್ ಬಾ, ಎರಡು ನಿಮಿಷದ ಕೆಲ್ಸ ಅಂದ್ರು.

ನಾಲ್ಕು ಮೆಟ್ಲು ಇಳಿದಿರ್ಬೇಕು ಅಷ್ಟೇ, ವಾಸನೆ ಇಲ್ಲ ಕೆಮ್ಮಿಲ್ಲ ಉಸಿರು ಕಟ್ಟಿದ ಹಾಗೂ ಅನ್ನಿಸ್ಲಿಲ್ಲ, ಕೈ ಮಾತ್ರ ನನ್ನದಲ್ಲ ಅನ್ನೋ ತರ ಸಡಿಲ ಆಯ್ತು, ಟಾರ್ಚ್ ಬಿತ್ತು. ಮೇಲಿದ್ದ ಸಾರಂಗ್, ಅಂದ್ರೆ ಡೆಕ್ ಖಲಾಸಿಗಳ ಮುಖ್ಯಸ್ಥರು, ಬಗ್ಗಿ ಬಾಯ್ಲರ್ ಸೂಟ್ ಕಾಲರ್ ಹಿಡಿದು ಎಳೆದ್ರು. ಇಷ್ಟರಲ್ಲಿ ಟ್ರೈನಿಂಗಲ್ಲಿದ್ದ ಕ್ಯಾಡೆಟ್ ಹುಡುಗ ಬಿದ್ದ ಟಾರ್ಚ್ ತರ್ತೀನಿ ಅಂತ ಕೆಳಗೆ ಇಳಿಯೋಕೆ ಹೊರಟಿದ್ದ, ಅವನಿಗೆ ಬಿದ್ದ ಬೈಗುಳ ಇಲ್ಲಿ ಬರೆಯೋಕಾಗಲ್ಲ.

ಕಬ್ಬಿಣ ತುಕ್ಕು ಹಿಡಿಯೋವಾಗ ಒಳಗಿನ ಗಾಳಿಯ ಆಕ್ಸಿಜನ್ನನ್ನೇ ತಿನ್ನುತ್ತೆ. ಆಮೇಲೆ ಆಕ್ಸಿಜನ್ ಅಳೆಯೋ ಮೀಟರ್ ಹಗ್ಗಕ್ಕೆ ಕಟ್ಟಿ ಇಳಿಸಿದ್ರೆ ನಾಲ್ಕನೇ ಮೆಟ್ಲಲ್ಲಿ ಶೇಕಡಾ 11, ತಳದಲ್ಲಿ 5. ಹೊರಗಿನ ಗಾಳೀಲಿ 20.9 ಇರುತ್ತೆ. ತಮಾಷೆ ಏನಂದ್ರೆ ಒಳಗೆ ಇಳಿಯೋಕೆ ಕೊಡೋ ಆ ದಿನದ ಎಂಟ್ರಿ ಪರ್ಮಿಟ್‌ನಲ್ಲೂ 20.9 ಅಂತಾನೇ ಬರೆದಿತ್ತು, ಸೈನ್ ಸಮೇತ. ಮೀಟರ್ ಪೆಟ್ಟಿಗೆಯಿಂದ ಹೊರಗೇ ಬಂದಿರ್ಲಿಲ್ಲ. 2016ರ ಜುಲೈಯಿಂದ ಹಡಗಲ್ಲಿ ಮೀಟರ್ ಇರಲೇಬೇಕು ಅಂತ ರೂಲ್ ಇದೆ, ಇತ್ತು ಕೂಡ, ಪೆಟ್ಟಿಗೇಲಿ.

ಊರಲ್ಲಿ ಹಾಳುಬಾವಿಗೆ ಇಳಿಯೋ ಮುಂಚೆ ಅಜ್ಜ ಲಾಟೀನು ಇಳಿಸಿ ನೋಡ್ತಿದ್ರು. ಹಡಗಲ್ಲಿ ಅದನ್ನ ಮಾಡೋಕೆ ಹೋಗ್ಬೇಡಿ ಮತ್ತೆ, ಸ್ಟೀಲ್ ಮಾಡೋಕೆ ಹಡಗಲ್ಲಿ ಸಾಗಿಸೋ ಇನ್ನೊಂದು ಮಾಲು ಸ್ಪಾಂಜ್ ಐರನ್, ಅದು ಒದ್ದೆ ಆದ್ರೆ ಹೈಡ್ರೋಜನ್ ಬರುತ್ತೆ, ಬೆಂಕಿ ತೋರಿಸಿದ್ರೆ ಕಥೆ ಮುಗೀತು. ಮೀಟರ್ ಓದಿದ್ದು ನಿಮ್ಮ ಕಣ್ಣಿಗೆ ಕಾಣ್ಬೇಕು, ಮೇಲೆ ಒಂದು, ಮಧ್ಯೆ ಒಂದು, ಕೆಳಗೊಂದು. ಒಳಗೆ ಯಾರಾದ್ರೂ ಬಿದ್ರೆ ಹಿಂದೇನೇ ಹಾರ್ಬೇಡಿ, ಅಲಾರಂ ಹೊಡೀರಿ, ಉಸಿರಾಡೋ ಗಾಳಿಯ ಸಿಲಿಂಡರ್ ಸೆಟ್ ಹಾಕ್ಕೊಂಡವರು ಮಾತ್ರ ಇಳೀಲಿ. ಗೋಡೆಗೆ ನೇತುಹಾಕಿರೋ ಇಇಬಿಡಿ, ಅಂದ್ರೆ ಸ್ವಲ್ಪ ಹೊತ್ತು ಉಸಿರಾಡೋಕೆ ಗಾಳಿ ಕೊಡೋ ಚಿಕ್ಕ ಸೆಟ್, ಓಡಿ ಹೊರಗೆ ಬರೋಕೆ, ಒಳಗೆ ಹೋಗೋಕಲ್ಲ.

ಸಂಜೆ ಚೀಫ್ ಆಫೀಸರ್ ಒಂದು ಪೇಪರ್ ತಂದ್ರು, ನಾನು ಹೇಳದೆ ಕೇಳದೆ ಇಳಿದೆ ಅಂತ. ಕಾಂಟ್ರಾಕ್ಟ್ ಇನ್ನೂ ನಾಲ್ಕು ತಿಂಗಳಿತ್ತು, ಮನೇಲಿ ತಂಗಿ ಮದುವೆ ಸಾಲ. ಸೈನ್ ಹಾಕ್ದೆ.