ಕರಡಿ ಡಬ್ಬದ ರಿವ್ಯೂ: ರಾಕಿ ಮೌಂಟನ್ ಪಾರ್ಕಲ್ಲಿ 3 ದಿನದ ಊಟ ಒಂದೇ ಡಬ್ಬದೊಳಗೆ

ಜುಲೈ ಕೊನೇಲಿ ಕೊಲರಾಡೊದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕಲ್ಲಿ ಎರಡು ರಾತ್ರಿ ಟೆಂಟ್ ಹಾಕ್ಕೊಂಡಿದ್ದು ಬಂದ್ವಿ, ನಾನು ನಮ್ಮನೆಯವರು ಇಬ್ರೇ. ಕೆರೆ ಬೆಟ್ಟದ ಫೋಟೋ ಆಮೇಲೆ ಹಾಕ್ತೀನಿ, ಮೊದ್ಲು ಬೇರ್ ಕ್ಯಾನಿಸ್ಟರ್, ಅಂದ್ರೆ ಕರಡಿ ಕೈಲಿ ಒಡೆಯೋಕಾಗದ ಊಟದ ಡಬ್ಬದ ಬಗ್ಗೆ ಬರೀಬೇಕು ಅನ್ನಿಸ್ತು. ಅಡುಗೆ ಏನು, ಎಷ್ಟೊತ್ತಿಗೆ ಹೊರಡೋದು, ಎಲ್ಲಿ ಕೂತು ತಿನ್ನೋದು ಎಲ್ಲಾನೂ ಕೊನೆಗೆ ಆ ಡಬ್ಬಾನೇ ತೀರ್ಮಾನ ಮಾಡ್ತು. ಹೊರಡೋ ಮುಂಚೆ ಇದನ್ನ ಯಾರಾದ್ರೂ ನಂಗೆ ಹೇಳಿದ್ರೆ ಎಷ್ಟೋ ಒದ್ದಾಟ ತಪ್ತಿತ್ತು.

ಈ ಪಾರ್ಕಲ್ಲಿ ಕಾಡಿನೊಳಗೆ ರಾತ್ರಿ ಉಳೀಬೇಕು ಅಂದ್ರೆ ವೈಲ್ಡರ್‌ನೆಸ್ ಪರ್ಮಿಟ್ ಬೇಕೇ ಬೇಕು, ಬೇಸಿಗೆಯ ಬುಕಿಂಗ್ ಮಾರ್ಚ್ 1ಕ್ಕೆ ಓಪನ್ ಆಗುತ್ತೆ, ಯಾವ ರಾತ್ರಿ ಯಾವ ಸೈಟು ಅಂತ ಆಗ್ಲೇ ಹೇಳಿಬಿಡಬೇಕು. ಅದರ ಜೊತೆಗೆ ಏಪ್ರಿಲ್ 1ರಿಂದ ಅಕ್ಟೋಬರ್ 31ರ ತನಕ ಮರಗಳಿರೋ ಎತ್ತರದಲ್ಲಿ ಕ್ಯಾಂಪ್ ಮಾಡೋರು ಊಟಾನೆಲ್ಲ ಗಟ್ಟಿ ಡಬ್ಬದಲ್ಲೇ ಇಡಬೇಕು. ಇಲ್ಲಿರೋದು ಕಪ್ಪು ಕರಡಿ, ಗ್ರಿಜ್ಲಿ ಅನ್ನೋ ದೊಡ್ಡ ಕಂದು ಕರಡಿ ಇಲ್ಲ. ಆದ್ರೂ ರೂಲ್ ಯಾಕಿಷ್ಟು ಬಿಗಿ ಅಂದ್ರೆ, ಒಂದ್ಸಲ ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಟೆಂಟ್ ಹತ್ರ ಬರುತ್ತೆ, ಹೆದರಿಕೆ ಬಿಟ್ಟೋಗುತ್ತೆ, ಕೊನೆಗೆ ಅದನ್ನ ಕೊಲ್ಲೋ ಪರಿಸ್ಥಿತಿಗೆ ಬರುತ್ತೆ. ನಾವು ಬಿಟ್ಟ ಒಂದು ಚಿಕ್ಕಿ ಪ್ಯಾಕೆಟ್ಟಿಗೆ ಒಂದು ಪ್ರಾಣಿ ಜೀವ ಹೋಗೋದು ಬೇಡ ಅಂತ ನಂಗೆ ಮನಸಾರೆ ಅನ್ಸುತ್ತೆ, ಅದಕ್ಕೇ ಈ ರೂಲ್ ಬಗ್ಗೆ ನನ್ನದೇನೂ ತಕರಾರಿಲ್ಲ.

ನಾವು ಕೊಂಡುಕೊಳ್ಳಲಿಲ್ಲ, ಪಾರ್ಕ್ ಪಕ್ಕದ ಎಸ್ಟಿಸ್ ಪಾರ್ಕ್ ಊರಲ್ಲಿ ಒಂದು ಔಟ್‌ಡೋರ್ ಅಂಗಡೀಲಿ ಬಾಡಿಗೆಗೆ ತಗೊಂಡ್ವಿ. ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿಂದು, ಒಳಗಿರೋದು ಕಾಣೋ ಹಾಗೆ ತಿಳಿ ನೀಲಿ ಬಣ್ಣ, ಸುಮಾರು 32 ಸೆಂ.ಮೀ. ಎತ್ತರ, 22 ಸೆಂ.ಮೀ. ಅಗಲ, ಖಾಲಿ ಇದ್ರೇನೇ ಒಂದು ಕೆಜಿ ಮೇಲೆ ತೂಕ. ಜಾಗ ಸುಮಾರು ಹನ್ನೊಂದೂವರೆ ಲೀಟರ್. ಕೇಳೋಕೆ ದೊಡ್ಡದು ಅನ್ಸುತ್ತೆ, ಇಬ್ರ ಮೂರು ದಿನದ ಊಟ ಎದುರಿಗೆ ಹರಡಿಕೊಂಡು ಕೂತಾಗ ಗೊತ್ತಾಗುತ್ತೆ ಎಷ್ಟು ಸಣ್ಣದು ಅಂತ. ಮೇಲಾಗಿ ಅದರೊಳಗೆ ಊಟ ಮಾತ್ರ ಅಲ್ಲ, ಟೂತ್‌ಪೇಸ್ಟು, ಸನ್‌ಸ್ಕ್ರೀನು, ಲಿಪ್ ಬಾಮು, ತಿಂದ ಮೇಲಿನ ಕಸ, ವಾಸನೆ ಬರೋದೆಲ್ಲಾನೂ ಹೋಗಬೇಕು. ಇದನ್ನ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಮೋಟೆಲ್ ರೂಮಿನ ಮಂಚದ ಮೇಲೆ ಮೊದಲ ಸಲ ತುಂಬಿದಾಗ ಅರ್ಧ ಸಾಮಾನು ಹೊರಗೇ ಉಳೀತು. ನಾನು ಲಿಸ್ಟ್ ಮಾಡಿದ್ದು ತೂಕ ನೋಡಿಕೊಂಡು, ಆದ್ರೆ ಇಲ್ಲಿ ಮೊದ್ಲು ನೋಡಬೇಕಾಗಿದ್ದು ಜಾಗ. ನೂಡಲ್ಸು ಹಗುರ, ಆದ್ರೆ ಎಷ್ಟು ಜಾಗ ತಿನ್ನುತ್ತೆ! ಚಿಪ್ಸ್ ಅಂತೂ ಬರೀ ಗಾಳಿ. ಆ ಬೆಟ್ಟದ ಊರಿನ ಎತ್ತರಕ್ಕೆ ಗಾಳಿಯ ಒತ್ತಡ ಕಮ್ಮಿ ಆಗೋದ್ರಿಂದ ಸೀಲ್ ಆಗಿರೋ ಪ್ಯಾಕೆಟ್ಟೆಲ್ಲ ಬಲೂನ್ ಥರ ಉಬ್ಬಿಕೊಂಡು ಕೂತಿದ್ವು, ಒಂದೊಂದಕ್ಕೂ ಪಿನ್ನಲ್ಲಿ ಚುಚ್ಚಿ ಗಾಳಿ ತೆಗೆದು ಟೇಪ್ ಹಚ್ಚಿದೆ. ಡಬ್ಬಿ, ರಟ್ಟು, ಪ್ಲಾಸ್ಟಿಕ್ ಟ್ರೇ ಎಲ್ಲಾ ಬಿಸಾಕಿ ಎಲ್ಲಾನೂ ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ನೂಡಲ್ಸ್ ಕೈಯಲ್ಲೇ ಪುಡಿ ಮಾಡಿ, ಟಾರ್ಟಿಯಾ ರೊಟ್ಟಿನ ಡಬ್ಬದ ಒಳಗೋಡೆಗೆ ಸುತ್ತ ಅಂಟಿಸಿದ ಹಾಗೆ ನಿಲ್ಸಿದೆ, ಅದರ ಮಧ್ಯೆ ಉಳಿದದ್ದು. ಹಿಂಗೆ ಮಾಡಿದ ಮೇಲೆ ಹಿಡೀತು, ಮೇಲೆ ಕಸದ ಕವರಿಗೆ ಒಂದು ಹಿಡಿ ಜಾಗಾನೂ ಉಳೀತು.

ಕೊನೇ ದಿನದ್ದು ತಳಕ್ಕೆ, ಮೊದಲ ರಾತ್ರಿದು ಮೇಲಕ್ಕೆ ಹಾಕಿ. ಹೊರಡೋ ದಿನದ ಮಧ್ಯಾಹ್ನದ ಊಟ ಡಬ್ಬಕ್ಕೆ ಹಾಕೋದೇ ಬೇಡ, ದಾರೀಲೇ ತಿಂದು ಮುಗಿಸ್ತೀರಲ್ಲ.

ಇನ್ನು ಏನು ಒಯ್ಯಬೇಕು ಅನ್ನೋದಕ್ಕೆ ಬೆಟ್ಟದ್ದೂ ಒಂದು ಮಾತಿದೆ. ನಮ್ಮ ಸೈಟು ಇದ್ದಿದ್ದು ಫರ್ನ್ ಲೇಕ್ ಅನ್ನೋ ಕೆರೆ ಹತ್ರ, 9,500 ಅಡಿ ಮೇಲೆ. ಅಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯೋಕೆ ಶುರು. ಕೊತಕೊತ ಕುದೀತಿರುತ್ತೆ, ಬೇಳೆ ಮಾತ್ರ ಬೇಗ ಬೇಯಲ್ಲ. ಹಿಂದೊಂದು ಸಲ ಬೇರೆ ಬೆಟ್ಟದಲ್ಲಿ ಅಕ್ಕಿ ಬೇಯಿಸೋಕೆ ಹೋಗಿ ಒಂದು ಗ್ಯಾಸ್ ಕ್ಯಾನ್ ಪೂರ್ತಿ ಸುಟ್ಟು ಕೊನೆಗೆ ನಡುವೆ ಗಟ್ಟಿ ಗಟ್ಟಿ ಅನ್ನ ತಿಂದಿದ್ವಿ, ಆ ರಾತ್ರಿ ಹೊಟ್ಟೆ ಹಿಡಿಸಿಕೊಂಡಿದ್ದು ಇನ್ನೂ ನೆನಪಿದೆ. ಅದಕ್ಕೇ ಈ ಸಲ ಕುದಿಯೋ ನೀರು ಹಾಕಿ ಮುಚ್ಚಿಟ್ರೆ ಆಗೋದು ಮಾತ್ರ. ಮನೇಲೇ ರವೆ ಹುರಿದು ಒಗ್ಗರಣೆ ಹಾಕಿ ಆರಿಸಿದ ಉಪ್ಪಿಟ್ಟಿನ ಮಿಕ್ಸು, ತೆಳು ಅವಲಕ್ಕಿ, ಪುಡಿ ಆಲೂಗಡ್ಡೆ, ಹಾಲಿನ ಪುಡಿ, ಕಾಫಿ ಪುಡಿ, ಶೇಂಗಾ ಬೆಣ್ಣೆ, ಚಿಕ್ಕಿ, ಒಂದು ಸಣ್ಣ ಕವರಲ್ಲಿ ಚಟ್ನಿಪುಡಿ. ಚಟ್ನಿಪುಡಿ ಬಿಡಲೇಬೇಡಿ. ಎರಡನೇ ದಿನಕ್ಕೆ ಸಿಹಿ ಬಾರು, ಒಣಹಣ್ಣು ತಿಂದು ತಿಂದು ನಾಲಿಗೆ ಕೆಟ್ಟಿರುತ್ತಲ್ಲ, ಆಗ ಬಿಸಿ ಆಲೂಗಡ್ಡೆ ಮುದ್ದೆ ಮೇಲೆ ಒಂದು ಚಮಚ ಉದುರಿಸಿಕೊಂಡ್ರೆ ಜೀವ ಬಂದಂಗಾಗುತ್ತೆ. ರೆಡಿ ಟು ಈಟ್ ದಾಲ್ ಪೌಚು ಎರಡು ತಂದಿದ್ದೆ, ಅವು ನೀರಿನ ತೂಕಾನೇ ಜಾಸ್ತಿ, ಮೋಟೆಲಲ್ಲೇ ಹಿಂದಿನ ರಾತ್ರಿ ಖಾಲಿ ಮಾಡಿದ್ವಿ. ಬರೀ ನೀರು ಕಾಯಿಸಿದ್ದಕ್ಕೆ 110 ಗ್ರಾಂ ಗ್ಯಾಸ್ ಕ್ಯಾನ್ ಒಂದೇ ಸಾಕಾಯ್ತು. ವಿಮಾನದಲ್ಲಿ ಗ್ಯಾಸ್ ತರಂಗಿಲ್ಲ, ಅಲ್ಲೇ ಊರಲ್ಲಿ ತಗೊಳ್ಳಿ.

ಹೈಕ್ ನಾವು ಮಾಡಿದ್ದು ಬೇರ್ ಲೇಕಿಂದ ಹತ್ತಿ ಒಡೆಸ್ಸಾ ಕೆರೆ ಕಡೆಯಿಂದ ಫರ್ನ್ ಲೇಕಿಗೆ ಇಳಿಯೋದು, ಸುಮಾರು 5 ಮೈಲಿ, ಮಧ್ಯೆ ದಾರಿ 10,600 ಅಡಿ ಹತ್ರ ಹೋಗುತ್ತೆ. ಜುಲೈಲಿ ಮಧ್ಯಾಹ್ನ ಆದ್ರೆ ಗುಡುಗು ಮಿಂಚು ಅಲ್ಲಿ ದಿನಾ ಅನ್ನೋ ಹಾಗೆ, ಎತ್ತರದ ಬಯಲು ಜಾಗದಿಂದ ಅಷ್ಟೊತ್ತಿಗೆ ಇಳಿದುಬಿಟ್ಟಿರಬೇಕು. ಹಂಗಾಗಿ ಬೆಳಗ್ಗೆ ಸ್ಟವ್ ಹಚ್ಚೋ ತಿಂಡಿ ಇಟ್ಟುಕೊಂಡ್ರೆ ಆಗಲ್ಲ. ರಾತ್ರಿ ಹಾಲಿನ ಪುಡಿ ಬೆಲ್ಲ ಕಲೆಸಿಟ್ಟ ಅವಲಕ್ಕಿಗೆ ಬೆಳಗ್ಗೆ ತಣ್ಣೀರು ಹಾಕಿ ಐದು ನಿಮಿಷ ಬಿಟ್ರೆ ತಿಂಡಿ ಆಯ್ತು. ಬಿಸಿ ಊಟ ಸಂಜೆಗೆ, ಮಳೆ ನಿಂತ ಮೇಲೆ. ಮಳೆ ಬರ್ತಿದೆ ಅಂತ ಟೆಂಟೊಳಗೆ ಸ್ಟವ್ ಹಚ್ಚೋ ಹಾಗೂ ಇಲ್ಲ, ಬೆಂಕಿ ಹೊಗೆ ಒಂದು ಕಡೆ, ಊಟದ ವಾಸನೆ ಬಟ್ಟೆಗೆ ಹಾಸಿಗೆಗೆ ಹತ್ತೋದು ಇನ್ನೊಂದು ಕಡೆ. ಮೊದಲ ಸಂಜೆ ಆರೂವರೆ ತನಕ ಮಳೆ ಬಿಡಲಿಲ್ಲ, ಟಾರ್ಟಿಯಾಗೆ ಶೇಂಗಾ ಬೆಣ್ಣೆ ಸವರಿಕೊಂಡು ಮರದ ಕೆಳಗೆ ರೇನ್‌ಕೋಟಲ್ಲಿ ನಿಂತ್ಕೊಂಡೇ ತಿಂದ್ವಿ. ಬೇಯಿಸದೇ ತಿನ್ನೋ ಒಂದು ಹೊತ್ತಿನ ಊಟ ಜಾಸ್ತಿ ಇರ್ಲಿ ಅಂತ ಹಾಕಿದ್ದು ಕೈ ಹಿಡೀತು.

ಡಬ್ಬ ಇಡೋದಕ್ಕೂ ಕ್ರಮ ಇದೆ, ಟೆಂಟಿಂದ 70 ದೊಡ್ಡ ಹೆಜ್ಜೆ ದೂರ ಅಂದ್ರೆ ಸುಮಾರು 200 ಅಡಿ. ಮರಕ್ಕೆ ಕಟ್ಟಬಾರದು, ನೀರಿನ ಪಕ್ಕ ಇಳಿಜಾರಲ್ಲಿ ಇಡಬಾರದು, ಯಾಕಂದ್ರೆ ಕರಡಿ ಹೊರಳಿಸಿದ್ರೆ ಉರುಳ್ಕೊಂಡು ಕೆರೆಗೆ ಹೋಗುತ್ತೆ. ನಮ್ಮನೆಯವರು ಗಟ್ಟಿಯಾಗಿ ಎಣಿಸ್ತಾ ಎಣಿಸ್ತಾ ಹೋಗಿ ಎರಡು ಬಿದ್ದ ದಿಮ್ಮಿಗಳ ನಡುವೆ ಇಟ್ಟು ಬಂದ್ರು. ಬೆಳಗ್ಗೆ ಹೋಗಿ ನೋಡಿದ್ರೆ ಅದರ ಮುಚ್ಚಳದ ಮೇಲೆ ಒಂದು ಚಿಪ್‌ಮಂಕ್ ಕೂತಿತ್ತು, ನಮ್ಮ ಇಣಚಿ ಥರಾನೇ ಬೆನ್ನ ಮೇಲೆ ಗೆರೆ, ಡಬ್ಬದ ಅಂಚಿಗೆ ಮೂಗು ಒತ್ತಿ ಸುತ್ತ ಸುತ್ತ ಮೂಸ್ತಿತ್ತು. ಬಟ್ಟೆ ಚೀಲ ಆಗಿದ್ರೆ ರಾತ್ರಿನೇ ತೂತು ಬಿದ್ದಿರೋದು.

ಈಗ ತೊಂದ್ರೆ ಹೇಳ್ತೀನಿ. ಮುಚ್ಚಳ! ತಿರುಗಿಸೋ ಮುಚ್ಚಳ, ಪಕ್ಕದಲ್ಲಿ ಎರಡು ಉಬ್ಬು ಇರುತ್ತೆ, ಒಳಕ್ಕೆ ಒತ್ತಿ ಹಿಡಿದು ಅದನ್ನ ದಾಟಿಸಿ ತಿರುಗಿಸಬೇಕು. ಅಂಗಡೀಲಿ ಸಲೀಸಾಗಿ ತೆಗೆದಿದ್ದೆ. ಎರಡನೇ ದಿನ ಬೆಳಗ್ಗೆ ಐದೂವರೆಗೆ ಚಳೀಲಿ ಪ್ಲಾಸ್ಟಿಕ್ ಕಲ್ಲಾಗಿತ್ತು, ಬೆರಳು ಮರಗಟ್ಟಿತ್ತು, ಒತ್ತಿದ್ರೆ ಹೆಬ್ಬೆಟ್ಟು ಬಿಳಚಿಕೊಳ್ಳುತ್ತೆ ಹೊರತು ಮುಚ್ಚಳ ಅಲ್ಲಾಡಲ್ಲ. ಹಸಿವು ಬೇರೆ. ಇಪ್ಪತ್ತು ನಿಮಿಷ ಒಬ್ರಾದ ಮೇಲೆ ಒಬ್ರು ಒದ್ದಾಡಿದ್ವಿ. ಆಮೇಲೆ ನಮ್ಮನೆಯವರು ಪರ್ಸಿಂದ ಒಂದು ಹಳೇ ಪ್ಲಾಸ್ಟಿಕ್ ಕಾರ್ಡ್ ತೆಗೆದು ಉಬ್ಬಿಗೂ ಮುಚ್ಚಳಕ್ಕೂ ಮಧ್ಯೆ ತೂರಿಸಿ ಒತ್ತಿದ್ರು, ಟಕ್ ಅಂತ ದಾಟ್ತು. ಅಲ್ಲಿಂದ ಕಾರ್ಡನ್ನ ಹೆಡ್‌ಲ್ಯಾಂಪ್ ಜೊತೆಗೇ ಕಟ್ಟಿಟ್ವಿ. ಸಣ್ಣ ಕೈಯವರು, ಬೆರಳು ನೋವಿರೋರು ಬಾಡಿಗೆಗೆ ತಗೊಳ್ಳೋ ಮುಂಚೆ ಅಂಗಡೀಲೇ ನಾಲ್ಕೈದು ಸಲ ತೆಗೆದು ಹಾಕಿ ನೋಡಿ, ನಾಣ್ಯದಲ್ಲಿ ತಿರುಗಿಸೋ ಸ್ಕ್ರೂ ಮುಚ್ಚಳದ್ದೂ ಬೇರೆ ಬರುತ್ತೆ.

ಇನ್ನೊಂದು, ಬ್ಯಾಗಲ್ಲಿ ಹೊರೋದು. ಗುಂಡಗಿರೋದ್ರಿಂದ ಬೆನ್ನಿಗೆ ಒತ್ತುತ್ತೆ. ಮೊದಲ ದಿನ ಮೇಲೆ ಕಟ್ಟಿದ್ದೆ, ಇಳಿಜಾರಲ್ಲಿ ಒಂದೊಂದು ಹೆಜ್ಜೆಗೂ ಹಿಂದಕ್ಕೆ ಎಳೀತಿತ್ತು. ಮೂರನೇ ದಿನ ಬ್ಯಾಗ್ ನಡುವೆ ಬೆನ್ನಿಗೆ ತಾಗೋ ಹಾಗೆ ನಿಲ್ಸಿ, ಸುತ್ತ ಸ್ವೆಟರು ತುರುಕಿದ ಮೇಲೆ ಸರಿಹೋಯ್ತು. ಸಂಜೆ ಸ್ಟೂಲ್ ಆಗಿ ಕೂರೋಕೆ ಮಾತ್ರ ಅದರಷ್ಟು ಒಳ್ಳೇದು ಇನ್ನೊಂದಿಲ್ಲ.

ನಿಜವಾಗ್ಲೂ ಕರಡಿ ಒಡೆಯಲ್ವಾ ಅಂತ ನಂಗೂ ಡೌಟಿತ್ತು. ಇಂಥ ಡಬ್ಬಗಳನ್ನ ಮೊಂಟಾನಾದ ವೆಸ್ಟ್ ಯೆಲ್ಲೋಸ್ಟೋನ್ ಊರಲ್ಲಿರೋ ಒಂದು ಸೆಂಟರಲ್ಲಿ ಸಾಕಿರೋ ಗ್ರಿಜ್ಲಿಗಳಿಗೇ ಕೊಟ್ಟು ಟೆಸ್ಟ್ ಮಾಡ್ತಾರೆ, ಕಚ್ಚಿ ಗುದ್ದಿ ಒಟ್ಟು 60 ನಿಮಿಷ ತಡ್ಕೊಂಡ್ರೆ ಪಾಸು. ಅದನ್ನ ಓದಿದ ಮೇಲೆ ರಾತ್ರಿ ಹೊರಗೆ ಏನೋ ಸರಬರ ಸದ್ದಾದ್ರೂ ಊಟ ಹೋಯ್ತೇನೋ ಅನ್ನೋ ಭಯ ಇರಲಿಲ್ಲ, ನಿದ್ದೆ ಬಂತು. ಎರಡನೇ ದಿನ ಡಬ್ಬಾನ ಸೈಟಿನ ಹತ್ರ ಅದರ ಜಾಗದಲ್ಲೇ ಬಿಟ್ಟು, ಚಿಕ್ಕಿ ನೀರು ಮಾತ್ರ ತಗೊಂಡು ಒಡೆಸ್ಸಾ ಕೆರೆಗೆ ಆರಾಮಾಗಿ ಹೋಗಿಬಂದ್ವಿ.

ಇಬ್ರಿಗೆ ಎರಡು ರಾತ್ರಿಗೆ ಈ ಸೈಜು ಸರಿ. ಮೂರನೆಯವರಿದ್ರೆ ಎರಡನೇ ಡಬ್ಬ ತಗೊಳ್ಳಿ, ಒಂದಕ್ಕೇ ತುರುಕೋಕೆ ಹೋಗ್ಬೇಡಿ. ಮೂರನೇ ದಿನ ಫರ್ನ್ ಫಾಲ್ಸ್ ಪಕ್ಕ ಇಳಿದು ಶಟಲ್ ಸ್ಟಾಪಿಗೆ ಬಂದಾಗ ಒಳಗೆ ಉಳಿದಿದ್ದು ಎರಡು ಚಿಕ್ಕಿ, ಅರ್ಧ ಚಮಚ ಚಟ್ನಿಪುಡಿ, ಮುಷ್ಟಿಯಷ್ಟು ಕಸ. ವಾಪಸ್ ಕೊಡೋ ಮುಂಚೆ ಸೋಪು ಹಾಕಿ ಎರಡು ಸಲ ತೊಳೆದೆ, ಚಟ್ನಿಪುಡಿ ಬೆಳ್ಳುಳ್ಳಿ ವಾಸನೆ ಹೋಗೋಕೆ ಮೂರನೇ ಸಲ ಬೇಕಾಯ್ತು.