ಗೋಬರ್ ಗ್ಯಾಸೋ, ಹೊಂಗೆ ಡೀಸೆಲ್ಲೋ?

ಕೊಟ್ಟಿಗೆಯಲ್ಲಿ ಐದು ದನ, ಬದುವಿನ ಮೇಲೆ ಇಪ್ಪತ್ತು ಹೊಂಗೆ ಮರ. ಯಾವುದರಿಂದ ಇಂಧನ ಮಾಡಿಕೊಳ್ಳಲಿ ಎಂದು ಕೇಳಿದ್ದೀರಿ. ಉರಿಯಬೇಕಾದದ್ದು ಒಲೆಯೋ, ಪಂಪ್‌ಸೆಟ್ಟೋ?

ಒಲೆಯಾದರೆ ಗೋಬರ್ ಗ್ಯಾಸ್‌ನತ್ತಲೇ ನನ್ನ ಒಲವು. ಸುಮಾರು 25 ಕಿಲೋ ಸಗಣಿಗೆ ಒಂದು ಘನ ಮೀಟರ್ ಅನಿಲ ಸಿಗುತ್ತದೆ. ಎರಡು ಘನ ಮೀಟರಿನ ಸ್ಥಾವರ ಐದಾರು ಮಂದಿಯ ಅಡುಗೆಗೆ ಸಾಕು. ಗುಂಡಿ ಕಟ್ಟುವ ಖರ್ಚು ಒಮ್ಮೆಗೇ ಬೀಳುತ್ತದೆ. ಆಮೇಲೆ ಕೆಲಸವೆಲ್ಲ ಬ್ಯಾಕ್ಟೀರಿಯಾದ್ದು, ಸಗಣಿ ಕಲಸುವುದು ಮಾತ್ರ ನಿಮ್ಮದು. ಚಳಿಗಾಲದಲ್ಲಿ ಅನಿಲ ಕಡಿಮೆಯಾಗುತ್ತದೆ, ದನ ಮಾರಿದರೆ ನಿಂತೇಹೋಗುತ್ತದೆ.

ಹೊಂಗೆಯ ಲೆಕ್ಕ ಬೇರೆ. ಗಾಣದಲ್ಲಿ ನಾಲ್ಕು ಕಿಲೋ ಬೀಜಕ್ಕೆ ಸುಮಾರು ಒಂದು ಲೀಟರ್ ಎಣ್ಣೆ. ಅದು ಡೀಸೆಲ್‌ಗಿಂತ ಹತ್ತು ಪಟ್ಟು ದಪ್ಪವಾದ್ದರಿಂದ ನೇರವಾಗಿ ಸುರಿದರೆ ಕಾಲಕ್ರಮೇಣ ಎಂಜಿನ್ನಿನೊಳಗೆ ಮಸಿ ಕಟ್ಟುತ್ತದೆ. ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಬೆರೆಸಿ ಕಾಯಿಸಿದರೆ ಗ್ಲಿಸರಿನ್ ತಳಕ್ಕಿಳಿದು ತೆಳುವಾದ ಬಯೋಡೀಸೆಲ್ ಮೇಲೆ ನಿಲ್ಲುತ್ತದೆ. ಆದರೆ ಬೀಜ ಹಳೆಯದಾಗಿ ಎಣ್ಣೆಯಲ್ಲಿ ಆಮ್ಲ ಹೆಚ್ಚಿದ್ದರೆ ಡೀಸೆಲ್‌ ಬದಲು ಸೋಪು ಸಿಗುತ್ತದೆ! ಮೆಥನಾಲ್ ವಿಷ, ಬೆಂಕಿಗೂ ಬೇಗ ಹತ್ತುತ್ತದೆ; ಹಿತ್ತಿಲಲ್ಲಿ ಮಾಡುವ ಕೆಲಸವಲ್ಲ. ಊರಿನವರೆಲ್ಲ ಬೀಜ ಕೂಡಿಸಿ, ತಿಳಿದವರ ಕೈಯಲ್ಲಿ ಘಟಕ ನಡೆಸುವುದಾದರೆ ಪಂಪ್‌ಸೆಟ್ಟಿಗೆ ಇದೇ ಸರಿ.

ಗೊಬ್ಬರ ಎರಡರಿಂದಲೂ ಸಿಗುತ್ತದೆ: ಅಲ್ಲಿ ಬಗ್ಗಡ, ಇಲ್ಲಿ ಹಿಂಡಿ. ಘಟಕ ಹತ್ತಿರದಲ್ಲಿ ಇಲ್ಲವಾದರೆ ಹೊಂಗೆ ಬೀಜವನ್ನು ಮಾರಿಬಿಡಿ. ಆ ಹಣ ಗುಂಡಿ ಕಟ್ಟುವ ಖರ್ಚಿಗೆ ಒದಗೀತು.