ಜಿಲ್ಲಾ ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ: ಎರಡೂವರೆ ವರ್ಷ ಹೋಗಿಬಂದವಳ ಅನುಭವ

2022ರ ನವೆಂಬರಿನಿಂದ ನಮ್ಮ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಆಪ್ತಸಮಾಲೋಚನೆಗೆ ಹೋಗುತ್ತಿದ್ದೇನೆ. ಮೊದಲು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಈಗ ಮೂರು ತಿಂಗಳಿಗೊಮ್ಮೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿರುವವರು ಇರುವುದರಲ್ಲೇ ಹೇಗೋ ಸಂಭಾಳಿಸಿಕೊಂಡು ಕೆಲಸ ಮಾಡುವವರು, ಅವರಿಗೆ ನನ್ನಿಂದ ತೊಂದರೆಯಾಗಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು ಕಳಿಸುತ್ತಾರೆ ಅಂತ ಮಾತ್ರ ನನಗೆ ಗೊತ್ತಿತ್ತು. ಎದುರು ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡುವವರೂ ಇರುತ್ತಾರೆ ಅಂತ ಗೊತ್ತಿದ್ದರೆ ಒಂದು ವರ್ಷ ಮುಂಚೆಯೇ ಹೋಗುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪ್ರಾಥಮಿಕ ಶಾಲೆ ಟೀಚರು. ಅಪ್ಪ ಕೋವಿಡ್ ಎರಡನೇ ಅಲೆಯಲ್ಲಿ ಹೋದರು. ಅವರು ಹೋಗಿ ಮೂರ್ನಾಲ್ಕು ತಿಂಗಳಿಗೆ ನನಗೆ ಶುರುವಾಯಿತು. ಬೋರ್ಡಿನ ಮೇಲೆ ಬರೆಯುತ್ತಿದ್ದ ಹಾಗೇ ಎದೆ ಡವಡವ ಹೊಡೆದುಕೊಳ್ಳುವುದು, ಕೈಕಾಲು ತಣ್ಣಗಾಗುವುದು, ಈಗಲೇ ಪ್ರಾಣ ಹೋಯಿತು ಅನ್ನಿಸುವುದು. ಮೂರು ಸಲ ಇಸಿಜಿ, ಒಂದು ಸಲ ಎಕೋ ಮಾಡಿಸಿದೆವು. ಎಲ್ಲ ನಾರ್ಮಲ್. ಒಬ್ಬ ಡಾಕ್ಟರು ಗ್ಯಾಸ್ ಅಂದರು, ಇನ್ನೊಬ್ಬರು ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಅಂದರು. ಅತ್ತೆ ದೃಷ್ಟಿ ತೆಗೆದರು, ಆಂಜನೇಯನ ಗುಡಿಯಲ್ಲಿ ತಾಯತ ಕಟ್ಟಿಸಿದರು. ಅದನ್ನು ನಾನು ಹಗುರವಾಗಿ ಹೇಳುತ್ತಿಲ್ಲ, ಆ ದಿನಗಳಲ್ಲಿ ನನ್ನ ತಲೆ ಮೇಲೆ ಕೈಯಿಟ್ಟವರು ಅವರೊಬ್ಬರೇ. ಕೊನೆಗೆ ತಾಲ್ಲೂಕು ಆಸ್ಪತ್ರೆಯ ನರ್ಸಮ್ಮ ಒಬ್ಬರು, "ಮಂಗಳವಾರ ಬನ್ನಿ, ಮನೋಚೈತನ್ಯ ಕ್ಲಿನಿಕ್ಕಿಗೆ ಮನೋವೈದ್ಯರು ಬರ್ತಾರೆ" ಅಂದರು. ಆ ಡಾಕ್ಟರು ಮಾತ್ರೆ ಬರೆದು, ಚೀಟಿಯ ಕೆಳಗೆ ಜಿಲ್ಲಾಸ್ಪತ್ರೆಯ ಕ್ಲಿನಿಕಲ್ ಸೈಕಾಲಜಿಸ್ಟರನ್ನು, ಅಂದರೆ ಮಾತಿನ ಚಿಕಿತ್ಸೆ ಕೊಡುವವರನ್ನು, ನೋಡಬೇಕು ಅಂತ ಒಂದು ಸಾಲು ಸೇರಿಸಿದರು. ನನ್ನನ್ನು ಉಳಿಸಿದ್ದು ಆ ಸಾಲು.

ಇವರೆಲ್ಲ ಕೆಲಸ ಮಾಡುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ ಶುರು ಮಾಡಿದ್ದು 1996ರಲ್ಲಿ. ಅದಕ್ಕೆ ಮೊದಲು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದ ಮಾದರಿಯೇ ಅದಕ್ಕೆ ಅಡಿಪಾಯ. ಇದನ್ನು ಹೇಳಿದ್ದು ನನ್ನನ್ನು ನೋಡಿದ ಸೈಕಾಲಜಿಸ್ಟ್ ಮೇಡಮ್ಮೇ. ಈ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆಗೆ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ನರ್ಸ್ ಇರಬೇಕು. ನಮ್ಮಲ್ಲಿ ಇಡೀ ಜಿಲ್ಲೆಗೆ ಸೈಕಾಲಜಿಸ್ಟ್ ಒಬ್ಬರೇ.

ಮೊದಲ ದಿನ ಎರಡು ಹಾಳೆ ಕೊಟ್ಟರು. ಒಂದರಲ್ಲಿ ಒಂಬತ್ತು ಪ್ರಶ್ನೆ, ಇನ್ನೊಂದರಲ್ಲಿ ಏಳು. ಕಳೆದ ಎರಡು ವಾರದಲ್ಲಿ ಹೀಗೆ ಎಷ್ಟು ದಿನ ಅನ್ನಿಸಿತು ಅಂತ ಸೊನ್ನೆಯಿಂದ ಮೂರರವರೆಗೆ ಗುರುತು ಹಾಕಬೇಕು. ಪಿಎಚ್‌ಕ್ಯೂ-9, ಜಿಎಡಿ-7 ಅಂತ ಅವುಗಳ ಹೆಸರು. ಮೊದಲನೆಯದು ಖಿನ್ನತೆಯನ್ನು, ಎರಡನೆಯದು ಆತಂಕವನ್ನು ಅಳೆಯುತ್ತದೆ, ಮೊತ್ತ ಜಾಸ್ತಿಯಾದಷ್ಟೂ ತೊಂದರೆ ಜಾಸ್ತಿ. ಕನ್ನಡದಲ್ಲೇ ಇದ್ದವು, ಆದರೆ ಪುಸ್ತಕದ ಕನ್ನಡ. ಖಿನ್ನತೆ ಅನ್ನುವ ಪದ ನನ್ನದಲ್ಲ. ನನಗಿದ್ದದ್ದು ತಳಮಳ, ಸಂಕಟ, ಏನೂ ಬೇಡ ಅನ್ನುವ ಬೇಜಾರು. ಮೇಡಂ ಪೆನ್ನು ಕೆಳಗಿಟ್ಟು, "ನಿಮ್ಮ ಮಾತಲ್ಲಿ ಹೇಳಿ, ನಾನು ಬರ್ಕೋತೀನಿ" ಅಂದರು. ಅಂದಿನ ಮೊತ್ತ 27ಕ್ಕೆ 17, 21ಕ್ಕೆ 16.

ಒಂಬತ್ತನೇ ಪ್ರಶ್ನೆ ಬಗ್ಗೆ ಬರೆಯಲೇಬೇಕು. ಬದುಕಿರುವುದಕ್ಕಿಂತ ಇಲ್ಲದಿರುವುದೇ ಒಳ್ಳೆಯದು ಅನ್ನಿಸಿದೆಯಾ ಅಂತ ಅದು ಕೇಳುತ್ತದೆ. ನಾನು "ಕೆಲವು ದಿನ" ಅನ್ನುವುದಕ್ಕೆ ಗುರುತು ಹಾಕಿ ಹಾಳೆಯನ್ನು ಮಡಿಸಿ ಕೊಟ್ಟಿದ್ದೆ. ಅವರು ಬಿಡಿಸಿ ನೋಡಿ ಗಾಬರಿಯಾಗಲಿಲ್ಲ, ಬುದ್ಧಿ ಹೇಳಲಿಲ್ಲ, ಮಕ್ಕಳ ಮುಖ ನೋಡಿ ಅನ್ನಲಿಲ್ಲ. ನೆಟ್ಟಗೆ ಕೇಳಿದರು: ಯಾವಾಗ ಹಾಗನ್ನಿಸುತ್ತೆ, ಎಷ್ಟು ಹೊತ್ತು ಇರುತ್ತೆ, ಆಗ ಮನೆಯಲ್ಲಿ ಯಾರಿರ್ತಾರೆ, ಯಾರಿಗೆ ಫೋನ್ ಮಾಡಬಹುದು. ಆ ಹೊತ್ತಿನಲ್ಲಿ ಮಾಡಬೇಕಾದ್ದನ್ನು ಒಂದು ಚೀಟಿಯಲ್ಲಿ ಇಬ್ಬರೂ ಸೇರಿ ಬರೆದೆವು. ಮೊದಲ ಹೆಸರು ನನ್ನ ತಂಗಿಯದು. ಆ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ. ಯಾರಿಗೂ ಹೇಳದ ಆ ಮಾತನ್ನು ಒಬ್ಬರು ಜ್ವರದ ವಿಷಯದ ಹಾಗೆ ಕೇಳಿದರಲ್ಲ, ಅಂದು ಬಸ್ಸಿನಲ್ಲಿ ಬರುವಾಗ ಒಂದೂವರೆ ವರ್ಷದ ಮೇಲೆ ನನಗೆ ನಿದ್ದೆ ಹತ್ತಿತು.

ಚಿಕಿತ್ಸೆಯ ಹೆಸರು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಹೆಸರು ದೊಡ್ಡದು, ಕೆಲಸ ಬಹಳ ಸರಳ. ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಎದೆ ಹೊಡೆದುಕೊಂಡಾಗ ಎಲ್ಲಿದ್ದೆ, ಮನಸ್ಸಿಗೆ ಏನು ಬಂತು, ಆಮೇಲೆ ಏನು ಮಾಡಿದೆ, ಕೊನೆಗೆ ನಿಜವಾಗಿ ಏನಾಯಿತು ಅಂತ ಬರೆಯಬೇಕು. ಎರಡು ತಿಂಗಳು ಬರೆದ ಮೇಲೆ ಓದಿದರೆ, "ಈಗ ಸಾಯ್ತೀನಿ" ಅನ್ನುವುದು ಮೂವತ್ತೊಂದು ಸಲ ಇತ್ತು. ಕೊನೆಯ ಅಂಕಣದಲ್ಲಿ ಮೂವತ್ತೊಂದು ಸಲವೂ "ಏನೂ ಆಗಲಿಲ್ಲ, ನೀರು ಕುಡಿದೆ, ಪಾಠ ಮುಂದುವರಿಸಿದೆ" ಅಂತಿತ್ತು. ನನ್ನದೇ ಕೈಬರಹ.

ಐದನೇ ಸಲ ಹೋದಾಗ ಮೇಡಂ, "ಇವತ್ತು ಕೂರೋದು ಬೇಡ ಟೀಚರ್, ಬನ್ನಿ" ಅಂತ ಹೊರಗೆ ಕರೆದುಕೊಂಡು ಹೋದರು. ಸ್ಟ್ರೆಚರ್ ತಳ್ಳಿಕೊಂಡು ಹೋಗುವ ಇಳಿಜಾರು ದಾರಿ ಇದೆಯಲ್ಲ, ಅದರಲ್ಲಿ ಎರಡನೇ ಮಹಡಿವರೆಗೆ ಬಿರಬಿರನೆ ಹತ್ತಬೇಕು, ನಡುವೆ ನಿಲ್ಲಬಾರದು. ನಾನು ಒಂದು ವರ್ಷದಿಂದ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದೆ, ಎದೆ ಬಡಿತ ಜಾಸ್ತಿಯಾದರೆ ಎಂಬ ಹೆದರಿಕೆಗೆ. ಅವರೂ ಜೊತೆಗೇ ಹತ್ತಿದರು. ಮೇಲೆ ಹೋಗಿ ಗೋಡೆ ಹಿಡಿದು ನಿಂತೆ. ಹೃದಯ ಗಂಟಲಲ್ಲೇ ಇತ್ತು.

"ಮನಸ್ಸಿಗೆ ಏನು ಬರ್ತಿದೆ?"

"ಬಿದ್ದುಹೋಗ್ತೀನಿ ಅನ್ನಿಸ್ತಿದೆ ಮೇಡಂ."

"ನೂರಕ್ಕೆ ಎಷ್ಟು ನಂಬ್ತೀರ?"

"ಎಂಬತ್ತು."

"ಸರಿ. ಗೋಡೆ ಬಿಡಿ. ಇಲ್ಲೇ ನಿಂತ್ಕೊಳ್ಳೋಣ, ನಾನೂ ಇದ್ದೀನಿ."

ಗೋಡೆ ಬಿಟ್ಟೆ. ಒಬ್ಬರು ಊಟದ ಕ್ಯಾರಿಯರ್ ಹಿಡಿದು ವಾರ್ಡಿನ ಕಡೆ ಹೋದರು. ಕಿಟಕಿಯಿಂದ ಆಂಬುಲೆನ್ಸು ನಿಲ್ಲುವ ಜಾಗ ಕಾಣುತ್ತಿತ್ತು. ಐದಾರು ನಿಮಿಷಕ್ಕೆ ಎದೆ ತಾನಾಗಿಯೇ ಇಳಿಯಿತು. ಮತ್ತೆ ಕೇಳಿದರು, ಇಪ್ಪತ್ತು ಅಂದೆ. ಅದೇ ದಿನ ಇನ್ನೆರಡು ಸಲ ಹತ್ತಿದೆವು. ಎದೆ ಬಡಿದುಕೊಳ್ಳುವುದು ಬೇರೆ, ಪ್ರಾಣ ಹೋಗುವುದು ಬೇರೆ ಅಂತ ನೂರು ಜನ ನನಗೆ ಹೇಳಿದ್ದರು. ಗೊತ್ತಾಗಿದ್ದು ಆ ದಿನ.

ಇನ್ನು ಕೊರತೆಗಳು. ಕೋಣೆಯ ಬಾಗಿಲಿಗೆ ಚಿಲಕ ಇರಲಿಲ್ಲ. ಅಪ್ಪನ ಕೊನೆಯ ಫೋನಿನ ವಿಷಯ ಹೇಳುತ್ತಾ ಅಳುತ್ತಿದ್ದಾಗ ಎರಡು ಸಲ ಬಾಗಿಲು ತಳ್ಳಿ "ಸರ್ಟಿಫಿಕೇಟ್ ಇಲ್ಲೇನಾ?" ಅಂತ ಕೇಳಿದವರಿದ್ದಾರೆ. ಅವರದ್ದೂ ತಪ್ಪಲ್ಲ. ಬುದ್ಧಿಮಾಂದ್ಯತೆ ಇರುವ ಮಕ್ಕಳ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಐಕ್ಯೂ ಪರೀಕ್ಷೆ ಮಾಡುವವರೂ ಅದೇ ಸೈಕಾಲಜಿಸ್ಟ್. ಸರ್ಟಿಫಿಕೇಟಿನ ದಿನ ದೂರದ ಹಳ್ಳಿಗಳಿಂದ ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರು ವರಾಂಡದ ತುಂಬ ಕೂತಿರುತ್ತಾರೆ. ಅವತ್ತು ನನಗೆ ಸಿಗುವುದು ಹತ್ತು ನಿಮಿಷ. ಮನಸ್ಸು ಬಿಚ್ಚುವಷ್ಟರಲ್ಲಿ ಏಳಬೇಕು. ಆ ತಾಯಂದಿರಿಗೂ ನನಗೂ ಒಬ್ಬರೇ ಮನುಷ್ಯರನ್ನು ಕೊಟ್ಟು ಹಂಚಿಕೊಳ್ಳಿ ಅನ್ನುವುದು ನ್ಯಾಯವಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು 2023ರ ಸೆಪ್ಟೆಂಬರಿನಲ್ಲಿ ಬಿತ್ತು. ಬಸ್ಸಿಳಿದು ಹೋದರೆ ಕೋಣೆಗೆ ಬೀಗ. "ಮೇಡಂ ಕೆಲ್ಸ ಬಿಟ್ರಮ್ಮ, ಕಾಂಟ್ರಾಕ್ಟ್ ಅಲ್ವಾ, ಬೇರೆ ಕಡೆ ಸಿಕ್ತಂತೆ" ಅಂದರು ಅಟೆಂಡರು. ಹದಿನೇಳು ಸಲ ಎದುರು ಕೂತವರು. ಅವರು ಹೋದದ್ದು ನನಗೆ ಸಿಟ್ಟಲ್ಲ, ಅವರಿಗೂ ಸಂಸಾರವಿದೆ. ರೋಗಿಗಳಿಗೆ ಮುಂಚೆ ಒಂದು ಮಾತು ಹೇಳಿ, ಬೀಳ್ಕೊಡುವುದಕ್ಕೆ ಒಂದು ಭೇಟಿ ಇಟ್ಟುಕೊಳ್ಳುವ ಕ್ರಮವೇ ಅಲ್ಲಿ ಇಲ್ಲದ್ದು ಸಿಟ್ಟು. ಹೇಳದೆ ಹೋದ ಅಪ್ಪನಿಗಾಗಿ ಚಿಕಿತ್ಸೆಗೆ ಬಂದವಳು ನಾನು. ಮಾತ್ರೆ ಆ ತಿಂಗಳೂ ಸಿಕ್ಕಿತು, ಮುಂದಿನ ತಿಂಗಳೂ ಸಿಕ್ಕಿತು. ಮಾತು ಐದು ತಿಂಗಳು ಸಿಗಲಿಲ್ಲ.

ಆ ನಡುವೆ ಒಂದು ರಾತ್ರಿ ಎರಡು ಗಂಟೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. ನಂಬರ್ 14416, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಕನ್ನಡ ಆರಿಸಿಕೊಂಡೆ. ಎತ್ತಿದ ಹೆಣ್ಣುಮಗಳು ಇಪ್ಪತ್ತೈದು ನಿಮಿಷ ನನ್ನ ಜೊತೆ ಇದ್ದಳು, ಉಸಿರು ಎಣಿಸಿದಳು, ಪರ್ಸಿನ ಚೀಟಿಯನ್ನು ಜೋರಾಗಿ ಓದಿಸಿದಳು. ಬೆಳಿಗ್ಗೆ ಶಾಲೆಗೆ ಹೋದೆ. ಆ ಹುಡುಗಿಗೆ ನನ್ನ ಹೆಸರು ನೆನಪಿರಲಾರದು, ನಾನು ಅವಳ ದನಿ ಮರೆತಿಲ್ಲ.

2024ರ ಫೆಬ್ರವರಿಯಲ್ಲಿ ಹೊಸ ಸೈಕಾಲಜಿಸ್ಟ್ ಬಂದರು. ಕೂತ ಕೂಡಲೇ, "ಮೊದಲಿಂದ ಹೇಳಿ" ಅಂದರು. ಹಳೆಯ ಟಿಪ್ಪಣಿಗಳು ಅವರ ಕೈಗೆ ಬಂದಿರಲಿಲ್ಲ. ಅಪ್ಪನ ಆಕ್ಸಿಜನ್, ಆಂಬುಲೆನ್ಸು, ನೋಡಲು ಬಿಡದ ಮುಖ, ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳುವುದೆಂದರೆ ಮಾಗಿದ ಗಾಯದ ಹೊಲಿಗೆ ಬಿಚ್ಚಿದ ಹಾಗೆ. ಅರ್ಧಕ್ಕೆ ಎದ್ದು ಬಂದೆ. ಆಮೇಲೆ ತಂಗಿ ಓದಿ ಹೇಳಿದಳು, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಕಲಮಿನಲ್ಲಿ ನಮ್ಮ ವೈದ್ಯಕೀಯ ದಾಖಲೆ ಕೇಳುವ ಹಕ್ಕು ನಮಗಿದೆ ಅಂತ. ಒಂದು ಪುಟದ ಅರ್ಜಿ ಬರೆದು ಕೊಟ್ಟೆ. ಮೂರು ವಾರಕ್ಕೆ ರೆಕಾರ್ಡ್ ರೂಮಿನಿಂದ ಫೈಲು ಬಂತು. ಹಳೆಯ ಮೇಡಂ ಅಕ್ಷರದಲ್ಲಿ ನನ್ನ ಮಾತು ನನ್ನ ಮಾತಿನಂತೆಯೇ ಇತ್ತು: "ಸಂಕಟ", "ಏನೂ ಬೇಡ", "ರ‍್ಯಾಂಪ್ 3 ಸಲ, 80ರಿಂದ 20." ಹೊಸ ಮೇಡಂ ಅದನ್ನು ಓದಿ ಮುಗಿಸಿ, "ಇಲ್ಲಿಂದಲೇ ಮುಂದಕ್ಕೆ ಹೋಗೋಣ" ಅಂದರು. ಅಲ್ಲಿಂದ ಅವರೂ ನನಗೆ ಹತ್ತಿರದವರಾದರು. ಅಪ್ಪನ ಮೊಬೈಲ್ ನಂಬರನ್ನು ಡಿಲೀಟ್ ಮಾಡದೆ, ಅದನ್ನು ನೋಡಲು ಹೆದರದೆ ಇಟ್ಟುಕೊಳ್ಳುವುದನ್ನು ಕಲಿಸಿದ್ದು ಅವರು.

ಈಗ ಎರಡು ಹಾಳೆಗಳ ಮೊತ್ತ 6 ಮತ್ತು 5. ಮಾತ್ರೆಯನ್ನು ಡಾಕ್ಟರು ನಿಧಾನವಾಗಿ ಇಳಿಸಿ ಈ ಜನವರಿಯಲ್ಲಿ ನಿಲ್ಲಿಸಿದರು. ನಮ್ಮ ಶಾಲೆಯ ನೀರಿನ ಟ್ಯಾಂಕಿನ ಏಣಿಯನ್ನೂ ಹತ್ತುತ್ತೇನೆ. ಚಿಕಿತ್ಸೆಗೆ ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ಕೋಣೆಗೆ, ಕಾಯಿಸುವ ರೀತಿಗೆ ನಾಲ್ಕು. ಜನ ಬದಲಾದಾಗ ರೋಗಿಯನ್ನು ಕೈಬಿಡುವ ರೀತಿಗೆ ಒಂದನ್ನೂ ಕೊಡಲಾರೆ.

ಖರ್ಚಿನ ಮಾತು: ಓಪಿಡಿ ಚೀಟಿಗೆ ನಾನು ಕೊಟ್ಟದ್ದು ಹತ್ತು ರೂಪಾಯಿ. ಬೆಂಗಳೂರಿನಲ್ಲಿ ಇಂಥದ್ದೇ ಆಪ್ತಸಮಾಲೋಚನೆಗೆ ತಂಗಿ ಒಂದು ಗಂಟೆಗೆ ಒಂದೂವರೆ ಸಾವಿರ ಕೊಡುತ್ತಿದ್ದಳು. ನಮಗೆ ಕಷ್ಟವಿದ್ದದ್ದು ಬಸ್ ಚಾರ್ಜಿನದು, 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅದೂ ತಪ್ಪಿತು. ವರಾಂಡದಲ್ಲಿ ನನ್ನ ಪಕ್ಕ ಕೂರುವ ಹೆಂಗಸರು ಆಮೇಲೆ ಜಾಸ್ತಿಯಾದರು, ಕಣ್ಣಾರೆ ಕಂಡಿದ್ದೇನೆ.

ಹೋಗಬೇಕು ಅಂದುಕೊಂಡವರಿಗೆ ಎರಡು ಮಾತು. ಸರ್ಟಿಫಿಕೇಟಿನ ದಿನ ಯಾವುದು ಅಂತ ಮೊದಲೇ ಕೇಳಿಕೊಂಡು, ಅದನ್ನು ಬಿಟ್ಟು ಹೋಗಿ. ಡಾಕ್ಟರು ಮಾತ್ರೆ ಮಾತ್ರ ಬರೆದರೆ, "ಸೈಕಾಲಜಿಸ್ಟ್ ಹತ್ರ ಮಾತಾಡ್ಬೇಕು" ಅಂತ ಬಾಯಿಬಿಟ್ಟು ಕೇಳಿ, ಕೇಳಿದರೆ ಬರೆದು ಕೊಡುತ್ತಾರೆ. ಕೌಂಟರಿನಲ್ಲಿ ಹಿಂದೆ ಮುಂದೆ ಗುರುತಿನವರಿದ್ದು ಮಾನಸಿಕ ವಿಭಾಗ ಅಂತ ಹೇಳುವುದಕ್ಕೆ ಬಾಯಿ ಬರದಿದ್ದರೆ, ಒಂದು ಕಾಗದದಲ್ಲಿ ಬರೆದು ಒಳಗೆ ನೀಡಿ. ಮೊದಲ ನಾಲ್ಕು ಸಲ ನಾನು ಹಾಗೇ ಮಾಡಿದ್ದು.